10 ಗಿಗಾಬಿಟ್ ಲೇಸರ್ ಪಲ್ಸ್ ತೀರ್ಥಹಳ್ಳಿ ತಲುಪೋವಷ್ಟರಲ್ಲಿ ಹರಡೋದ್ಯಾಕೆ?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಮೀ ಫೈಬರ್ ಅಂತ ಇಟ್ಕೊಂಡು ಸೆಕೆಂಡಿಗೆ 10 ಗಿಗಾಬಿಟ್ ಕಳಿಸೋ ಸಿಮ್ಯುಲೇಷನ್ ಮಾಡಿದ್ದೀರಿ, ಲೇಸರ್ ಪವರ್ ಏರಿಸಿದ್ರೂ ಆ ತುದೀಲಿ ಪಲ್ಸ್, ಅಂದ್ರೆ ಬಿಟ್ ಹೊತ್ತ ಬೆಳಕಿನ ಮಿಣುಕುಗಳು, ಒಂದಕ್ಕೊಂದು ಕಲಸಿ ಹೋಗ್ತಿದೆ ಅಂತ ಕೇಳಿದ್ರಲ್ಲ, ಪವರ್ ವಿಷ್ಯ ಬಿಡಿ ಮಾರಾಯ್ರೆ, ಲೇಸರಿನ ಕರೆಂಟನ್ನೇ ಏರಿಸಿ ಇಳಿಸಿ ಪಲ್ಸ್ ಮಾಡ್ತಿದ್ದೀರಲ್ಲ ಅಲ್ಲೇ ಇರೋದು ತೊಂದರೆ. ಕರೆಂಟ್ ಏರಿಳಿದಾಗ ಲೇಸರ್ ಒಳಗಿನ ವಕ್ರೀಭವನ ಸೂಚ್ಯಂಕವೂ ಅಲ್ಲಾಡುತ್ತೆ, ಪಲ್ಸಿನ ಮುಂದಿನ ಅಂಚು ಒಂಚೂರು ನೀಲಿ ಕಡೆ (ಕಡಿಮೆ ತರಂಗಾಂತರ), ಹಿಂದಿನ ಅಂಚು ಕೆಂಪು ಕಡೆ (ಹೆಚ್ಚು ತರಂಗಾಂತರ) ಜರುಗುತ್ತೆ, ಇದೇ ಚಿರ್ಪ್. 1550 ನ್ಯಾನೋಮೀಟರ್ ತರಂಗಾಂತರದಲ್ಲಿ ಮಾಮೂಲಿ ಸಿಂಗಲ್ ಮೋಡ್ ಫೈಬರ್ ಒಳಗೆ ನೀಲಿ ಕಡೇದು ಬೇಗ ಓಡುತ್ತೆ ಕೆಂಪು ಹಿಂದೆ ಬೀಳುತ್ತೆ, ಪಲ್ಸ್ ಎರಡೂ ಕಡೆ ಎಳ್ಕೊಳ್ಳುತ್ತೆ. ಲೆಕ್ಕ ಹಾಕಿ, ತರಂಗಾಂತರದ ಒಂದು ನ್ಯಾನೋಮೀಟರ್ ಅಗಲಕ್ಕೆ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್, 60 ಕಿಮೀಗೆ 1020, ಚಿರ್ಪಿಂದ ಅಗಲ 0.2 ನ್ಯಾನೋಮೀಟರ್ ಅಂದ್ರೂ 204 ಪಿಕೋಸೆಕೆಂಡ್ ಹರಡಾಯ್ತು, ಒಂದು ಬಿಟ್ಟಿಗಿರೋ ಜಾಗವೇ 100 ಪಿಕೋಸೆಕೆಂಡ್!

ಲೇಸರನ್ನ ಒಂದೇ ಸಮ ಉರಿಯೋಕೆ ಬಿಟ್ಟು ಹೊರಗಡೆ ಪುಶ್-ಪುಲ್ ಮಾಕ್-ಜೆಂಡರ್ ಮಾಡ್ಯುಲೇಟರ್ (ಬೆಳಕನ್ನ ಎರಡು ದಾರಿ ಮಾಡಿ ಮತ್ತೆ ಸೇರಿಸಿ ಪಲ್ಸ್ ಮಾಡೋ ಸಾಧನ) ಹಾಕಿ, ಚಿರ್ಪ್ ಹೆಚ್ಚುಕಮ್ಮಿ ಇರಲ್ಲ. ಆಮೇಲೂ ಸ್ವಲ್ಪ ಹರಡುತ್ತೆ, ಅದಕ್ಕೆ ಒಂದು ನ್ಯಾನೋಮೀಟರ್ ಅಗಲಕ್ಕೆ ಕಿಲೋಮೀಟರಿಗೆ ಮೈನಸ್ 100 ಪಿಕೋಸೆಕೆಂಡ್ ಇರೋ ಡಿಸ್ಪರ್ಶನ್ ಕಾಂಪೆನ್ಸೇಟಿಂಗ್ ಫೈಬರ್ (ಹರಡಿದ್ದನ್ನ ಉಲ್ಟಾ ಮಾಡೋ ಫೈಬರ್) 10 ಕಿಮೀ ಸೇರಿಸಿ ನೋಡಿ. ಇನ್ನೊಂದು, ಪಲ್ಸನ್ನ ಇನ್ನೂ ಚೂಪು ಮಾಡೋಣ ಅಂತ ಆರ್‌ಜೆಡ್‌ಗೆ (ರಿಟರ್ನ್ ಟು ಝೀರೋ, ಪ್ರತಿ ಬಿಟ್ಟಿನೊಳಗೇ ಬೆಳಕು ಸೊನ್ನೆಗೆ ಇಳಿಯೋ ಕ್ರಮ) ಈಗ್ಲೇ ಹೋಗ್ಬೇಡಿ, ಪಲ್ಸ್ ಕಿರಿದಾದಷ್ಟೂ ಸ್ಪೆಕ್ಟ್ರಮ್ (ಅದರಲ್ಲಿರೋ ತರಂಗಾಂತರಗಳ ಹರವು) ಅಗಲ ಆಗುತ್ತೆ, ಹರಡೋದೂ ಜಾಸ್ತಿ ಆಗುತ್ತೆ.