ಬೇಲಿಗೆ ಕರೆಂಟ್ ಕೊಡಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮ್ಮ ಅಡಿಕೆ ತೋಟವಿದೆ. ಅಂಚಿಗೆ ಹಳ್ಳ. ಭಾನುವಾರ ಬಂತೆಂದರೆ ಪೇಟೆಯ ಹುಡುಗರು ಬೇಲಿ ದಾಟಿ ಈಜಲು ಬಂದು, ಬಾಟಲಿ ಒಡೆದು ಹೋಗುತ್ತಾರೆ. ಪಕ್ಕದ ಮನೆಯವರಂತೂ ಅಪ್ಪನ ಕಾಲದಿಂದಲೂ ತೋಟದ ನಡುವೆಯೇ ಓಡಾಡುತ್ತಿದ್ದಾರೆ. ಪಂಪ್‌ಸೆಟ್ ಲೈನಿನಿಂದ ಬೇಲಿಗೆ ಕರೆಂಟ್ ಕೊಟ್ಟರೆ ತಪ್ಪೇ?

ಉತ್ತರ: ಮೊದಲು ಆ ತಂತಿ ಕೆಳಗಿಡಿ. ಯಾರಾದರೂ ಸತ್ತರೆ, ‘ಅವನೇ ಅಕ್ರಮವಾಗಿ ಬಂದಿದ್ದ’ ಎಂಬ ವಾದ ನಿಮ್ಮನ್ನು ಉಳಿಸುವುದಿಲ್ಲ. ಸಾವಿನ ಆರೋಪ ನಿಮ್ಮ ತಲೆಗೇ ಬರುತ್ತದೆ. ಅದೂ ಅಲ್ಲದೆ, ನಸುಕಿನಲ್ಲಿ ಆ ಬೇಲಿ ಮುಟ್ಟುವುದು ಪೇಟೆಯ ಹುಡುಗರಲ್ಲ, ನಿಮ್ಮದೇ ಹಸುವೋ, ಅಡಿಕೆ ಕೊನೆ ಇಳಿಸಲು ಬರುವ ಕೊನೆಗಾರನೋ.

ಇನ್ನು ಹುಡುಗರ ವಿಷಯ. ಬೇಲಿ ದಾಟಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಅಪರಾಧ ಎಸಗುವ ಅಥವಾ ಜಮೀನಿನವರನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶವಿರಬೇಕು. ಮೊದಲು ಐಪಿಸಿ 441 ಮತ್ತು 447ರಲ್ಲಿದ್ದ ಈ ಕಾನೂನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂನಲ್ಲಿದೆ. ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ದಂಡ 500 ರೂಪಾಯಿ. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ ಬಿಡಿ. ಉಣುಗೋಲಿನ (ತೋಟದ ಬಾಗಿಲಿನ ಅಡ್ಡಗಳಗಳ) ಪಕ್ಕ ‘ಖಾಸಗಿ ಜಮೀನು, ಪ್ರವೇಶವಿಲ್ಲ’ ಎಂಬ ಫಲಕ ಹಾಕಿ. ಅದನ್ನು ಓದಿಯೂ ನುಗ್ಗಿದವರು, ಹೋಗಿ ಎಂದರೂ ಕೂತು ಬಾಟಲಿ ಒಡೆದವರು ತಮ್ಮ ಉದ್ದೇಶವನ್ನು ತಾವೇ ತೋರಿಸಿಕೊಟ್ಟಂತೆ. ಫೋಟೊ, ಪಹಣಿ ಪ್ರತಿ ಹಿಡಿದು ಠಾಣೆಗೆ ಹೋಗಿ. ದೂರಿನಲ್ಲಿ ಮಾತ್ರ ಹಳ್ಳವೂ ನಮ್ಮದೇ ಎಂದು ಬರೆಯಬೇಡಿ. ಹಳ್ಳ ಸಾಮಾನ್ಯವಾಗಿ ‘ಬಿ’ ಖರಾಬು, ಅಂದರೆ ಸರ್ಕಾರದ್ದು.

ಪಕ್ಕದ ಮನೆಯವರ ಮೇಲೆ ಪೊಲೀಸ್ ದೂರು ಕೊಡುವ ಯೋಚನೆ ಬಿಡಿ. ಅದು ಸಿವಿಲ್ ವ್ಯಾಜ್ಯ, ಅಲ್ಲಿ ನೀವು ಸೋಲಲೂಬಹುದು. ಬೇರೆಯವರ ಜಮೀನಿನಲ್ಲಿ ದಾರಿಯಂಥ ಹಕ್ಕುಗಳ ಬಗೆಗಿನ 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ, 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದರೆ ದಾರಿಯ ಹಕ್ಕು ಹುಟ್ಟುತ್ತದೆ. ಕೇಳಿಕೊಂಡು ಓಡಾಡಿದವರಿಗೆ ಎಷ್ಟು ವರ್ಷವಾದರೂ ಹುಟ್ಟುವುದಿಲ್ಲ. ಹಾಗಾಗಿ ನಿಮ್ಮ ತಂದೆ ‘ಓಡಾಡಿಕೊಳ್ಳಿ’ ಎಂದು ಒಪ್ಪಿಗೆ ಕೊಟ್ಟಿದ್ದರೋ, ಅವರು ಕೇಳದೆಯೇ ನಡೆಯುತ್ತ ಬಂದರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಊರಿನ ಹಿರಿಯರನ್ನು ಈಗಲೇ ವಿಚಾರಿಸಿ. ಎರಡೂ ತೋಟ ಹಿಂದೆ ಒಂದೇ ಹಿಡುವಳಿಯಾಗಿದ್ದು ಪಾಲಾಗಿದ್ದರೆ, ಅವರಿಗೆ ಬೇರೆ ದಾರಿಯೂ ಇಲ್ಲದಿದ್ದರೆ, 20 ವರ್ಷದ ಲೆಕ್ಕವೂ ಬೇಕಿಲ್ಲ.

ಉಣುಗೋಲಿಗೆ ಬೀಗ ಹಾಕುವ ಮೊದಲು ಭೂಮಾಪನ ಕಚೇರಿಯಿಂದ ಗ್ರಾಮ ನಕಾಶೆ ತೆಗೆಸಿ. ಅದರಲ್ಲೇ ಕಾಲುದಾರಿಯ ಗುರುತಿದ್ದರೆ ಬೀಗದ ದುಡ್ಡೂ ದಂಡ.