ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಹಳೆಯ ಕಾಲೇಜುಗಳ ಆಟದಂಗಳ

ಪ್ರಶ್ನೆ: 1859ರಲ್ಲಿ ಆ್ಯಮ್‌ಹರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು ಬೇಸ್‌ಬಾಲ್‌ನಲ್ಲಿ 73–32ರಿಂದ ಸೋಲಿಸಿತು ಎಂದು ಓದಿದೆ. ಬೇಸ್‌ಬಾಲ್‌ನಲ್ಲಿ 73 ರನ್ನೇ? ಅಚ್ಚಿನ ತಪ್ಪಿರಬೇಕಲ್ಲವೇ?

ಉತ್ತರ: ತಪ್ಪಲ್ಲ. ಜುಲೈ 1ರಂದು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ ನಡೆದದ್ದು ಇಂದಿನ ಬೇಸ್‌ಬಾಲ್ ಅಲ್ಲ, ಮ್ಯಾಸಚೂಸೆಟ್ಸ್ ಪದ್ಧತಿಯ ಆಟ. ಒಂದೊಂದು ಕಡೆ 13 ಆಟಗಾರರು. ರನ್ನಿಗಾಗಿ ಓಡಿ ಮುಟ್ಟಬೇಕಾದ ಬೇಸ್ ಎಂದರೆ ನೆಲಕ್ಕೆ ನೆಟ್ಟ ನಾಲ್ಕಡಿ ಎತ್ತರದ ಮರದ ಗೂಟ. ಗೂಟದಿಂದ ಗೂಟಕ್ಕೆ 60 ಅಡಿ. ಬ್ಯಾಟುಗಾರ ನಿಲ್ಲುತ್ತಿದ್ದದ್ದು ಮೊದಲ ಗೂಟಕ್ಕೂ ನಾಲ್ಕನೆಯದಕ್ಕೂ ನಡುವೆ. ಫೌಲ್, ಅಂದರೆ ಗೆರೆಯಾಚೆ ಹೋದ ಹೊಡೆತ ಲೆಕ್ಕಕ್ಕಿಲ್ಲ ಎಂಬುದೇ ಇರಲಿಲ್ಲ. ಚೆಂಡು ಬ್ಯಾಟಿಗೆ ತಗುಲಿ ಬೆನ್ನ ಹಿಂದೆ ಹಾರಿದರೂ ಓಡಬಹುದಿತ್ತು. ರನ್ ರಾಶಿ ಬೀಳಲು ಮುಖ್ಯ ಕಾರಣ ಇದೇ. ಇದಕ್ಕೆ ಸಮನಾಗಿ ಒಂದು ಕಟ್ಟುನಿಟ್ಟೂ ಇತ್ತು: ಒಬ್ಬ ಔಟಾದರೆ ಇಡೀ ತಂಡದ ಸರದಿ ಮುಗಿಯಿತು. ಗೂಟಗಳ ನಡುವೆ ಓಡುವವನಿಗೆ ಚೆಂಡೆಸೆದು ಹೊಡೆದರೂ ಔಟ್. ಮೈಗೆ ಹೊಡೆಯುವ ಚೆಂಡಾದ್ದರಿಂದ ಅದು ಹಗುರವಾಗಿರುತ್ತಿತ್ತು. ಇಂದಿನ ಗಟ್ಟಿ ಚೆಂಡಿನಲ್ಲಿ ಹೀಗೆ ಆಡಿದ್ದರೆ ಪಕ್ಕೆಲುಬು ಉಳಿಯುತ್ತಿರಲಿಲ್ಲ.

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಮಾತುಮಾತಿಗೆ ನಿಲ್ಲುತ್ತದೆ, ಚೆಂಡು ಇರುವುದೂ ಹೆಚ್ಚಾಗಿ ಕೈಯಲ್ಲೇ. ಈ ಆಟ ಹೀಗಾದದ್ದು ಹೇಗೆ?

ಉತ್ತರ: ಮೊದಲಿಗೆ ಹೀಗಿರಲಿಲ್ಲ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದಾಗ ಒಂದೊಂದು ಕಡೆ 25 ಜನರಿದ್ದರು. ದುಂಡು ಚೆಂಡನ್ನು ಒದೆಯಬಹುದು, ಕೈಯಿಂದ ಬಡಿಯಬಹುದು, ಹಿಡಿದು ಓಡುವಂತಿರಲಿಲ್ಲ. ರಟ್ಗರ್ಸ್ 6–4ರಿಂದ ಗೆದ್ದಿತು. 1874ರ ಮೇ ತಿಂಗಳಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಹಾರ್ವರ್ಡ್‌ಗೆ ಬಂದು ಒಂದು ದಿನ ಆತಿಥೇಯರ ನಿಯಮದಲ್ಲಿ, ಮರುದಿನ ಚೆಂಡು ಹಿಡಿದು ಓಡಬಹುದಾದ ರಗ್ಬಿ ನಿಯಮದಲ್ಲಿ ಆಡಿದರು. ಹಾರ್ವರ್ಡ್ ಹುಡುಗರಿಗೆ ರಗ್ಬಿಯೇ ಹಿಡಿಸಿತು. 1876ರ ಕೊನೆಯ ಹೊತ್ತಿಗೆ ಬೇರೆ ಕಾಲೇಜುಗಳೂ ಆ ದಾರಿ ಹಿಡಿದವು.

ರಗ್ಬಿಯ ಸ್ಕ್ರಮ್ಮಿನಿಂದ, ಅಂದರೆ ಚೆಂಡಿಗಾಗಿ ಎರಡೂ ತಂಡದವರು ಒತ್ತಾಗಿ ಸೇರಿ ತಳ್ಳಾಡುವ ಗುಂಪಿನಿಂದ, ಚೆಂಡು ಯಾರ ಕಡೆ ಹೊರಬೀಳುವುದೋ ಹೇಳಲಾಗದು. ಯೇಲ್ ಕಾಲೇಜಿನ ಆಟಗಾರ ವಾಲ್ಟರ್ ಕ್ಯಾಂಪ್ ಇದಕ್ಕೆ ತಿದ್ದುಪಡಿ ತಂದರು. 1880ರಲ್ಲಿ ತಂಡ 15ರಿಂದ 11ಕ್ಕೆ ಇಳಿಯಿತು. ಆಟ ನಿಂತಲ್ಲಿ ಚೆಂಡು ಒಂದು ತಂಡಕ್ಕೇ ಸೇರಬೇಕು, ಆ ತಂಡದ ನಡುವಿನವನು ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸಬೇಕು ಎಂದಾಯಿತು. ಎಡವಟ್ಟಾದದ್ದು ಇಲ್ಲೇ. ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿಯನ್ನೇ ಹಾಕಿರಲಿಲ್ಲ. 1881ರ ಪಂದ್ಯದಲ್ಲಿ ಪ್ರಿನ್ಸ್‌ಟನ್ ಒಂದು ಅರ್ಧ, ಯೇಲ್ ಇನ್ನೊಂದು ಅರ್ಧ ಚೆಂಡನ್ನು ಬಿಡದೆ ಕಾಯ್ದುಕೊಂಡವು, ಫಲ 0–0. ದುಡ್ಡು ಕೊಟ್ಟು ಬಂದವರ ಪಾಡು ಕೇಳಬೇಡಿ. 1882ರಲ್ಲಿ ಇದಕ್ಕೆ ಕಡಿವಾಣ ಬಿತ್ತು: ಮೂರು ಯತ್ನಗಳಲ್ಲಿ (ಒಂದು ನಿಲುಗಡೆಯಿಂದ ಮುಂದಿನ ನಿಲುಗಡೆಯವರೆಗಿನ ಆಟ ಒಂದು ಯತ್ನ) 5 ಗಜ ಮುಂದೆ ಹೋಗಬೇಕು, ಇಲ್ಲವೇ 10 ಗಜ ಹಿಂದೆ ಸರಿದಿರಬೇಕು, ಎರಡೂ ಆಗದಿದ್ದರೆ ಚೆಂಡು ಎದುರಾಳಿಗೆ. ಕಣ್ಣಳತೆಗೆ ಜಗಳವಾಗದಂತೆ ಮೈದಾನಕ್ಕೆ 5 ಗಜಕ್ಕೊಂದು ಅಡ್ಡಗೆರೆ ಎಳೆದರು. ನಿಮಗೆ ಕಾಣುವ ನಿಲುಗಡೆಗಳ ಮೂಲ ಇದು. ಈಗ ನಾಲ್ಕು ಯತ್ನ, 10 ಗಜ.

ಪ್ರಶ್ನೆ: ಈ ಪಂದ್ಯಗಳನ್ನು ಪ್ರಾಧ್ಯಾಪಕರು ನಡೆಸುತ್ತಿದ್ದರೇ?

ಉತ್ತರ: ಶುರುವಿನ ದಶಕಗಳಲ್ಲಿ ಇಲ್ಲ. ತಂಡ ಆರಿಸುವುದು, ಅಭ್ಯಾಸ ಮಾಡಿಸುವುದು ನಾಯಕನ ಹೊಣೆ; ಚಂದಾ, ಪ್ರಯಾಣ, ಟಿಕೆಟ್ ಎಲ್ಲ ವಿದ್ಯಾರ್ಥಿ ಮ್ಯಾನೇಜರನ ಪಾಲು. ಇಬ್ಬರೂ ಪದವಿ ಮುಗಿಸಿ ಹೊರಟರೆ ಹೊಸಬರು ಮೊದಲಿನಿಂದ ಕಲಿಯಬೇಕಿತ್ತು. 1852ರ ಹಾರ್ವರ್ಡ್–ಯೇಲ್ ದೋಣಿ ಸ್ಪರ್ಧೆಯ ಖರ್ಚನ್ನಂತೂ ಪ್ರಯಾಣಿಕರು ಸಿಗುವ ಆಸೆಗೆ ಒಂದು ರೈಲು ಕಂಪನಿಯೇ ಹೊತ್ತಿತ್ತು. ಪಾಠ ತಪ್ಪಿಸಿ ಊರೂರು ಸುತ್ತುವುದು ಹೆಚ್ಚಾದಾಗಲೇ ಅಧ್ಯಾಪಕರು ಕೈಹಾಕಿದ್ದು. ಹಾರ್ವರ್ಡ್‌ನಲ್ಲಿ ಅದಕ್ಕೆಂದು ಸಮಿತಿ ಬಂದದ್ದು 1882ರಲ್ಲಿ. ವ್ಯಾಯಾಮದ ಕಥೆ ಬೇರೆ. ಆ್ಯಮ್‌ಹರ್ಸ್ಟ್‌ನಲ್ಲಿ 1861ರಿಂದ ವೈದ್ಯ ಎಡ್ವರ್ಡ್ ಹಿಚ್‌ಕಾಕ್ ಅವರ ಉಸ್ತುವಾರಿಯಲ್ಲಿ ಮರದ ಡಂಬೆಲ್ ಕವಾಯತು ಕಡ್ಡಾಯವಾಗಿತ್ತು, ವಿದ್ಯಾರ್ಥಿಗಳ ಎತ್ತರ, ತೂಕ, ಎದೆ ಸುತ್ತಳತೆಯನ್ನೂ ಬರೆದಿಡುತ್ತಿದ್ದರು.