ನೆರಳಿನಂತೆ ಜೊತೆಗಿದ್ದು ಕಲಿಯುವುದು ಹೇಗೆ?

ಪ್ರಶ್ನೆ: 11 ವರ್ಷಗಳಿಂದ ಒಂದೇ ಸಂಸ್ಥೆಯಲ್ಲಿದ್ದೇನೆ, ಈಗ 8 ಜನರ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ನಾಯಕತ್ವ ಕಲಿಯಲೆಂದು ನಮ್ಮ ಉಪಾಧ್ಯಕ್ಷರ ಜೊತೆಗಿದ್ದು ಅವರ ಕೆಲಸವನ್ನು ಗಮನಿಸಲು ನನ್ನನ್ನು 2 ವಾರಗಳ ಮಟ್ಟಿಗೆ ನಿಯೋಜಿಸಿದ್ದಾರೆ. 3 ದಿನ ಕಳೆದರೂ ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗಿ ಮೂಲೆಯಲ್ಲಿ ಕುಳಿತು ಬಂದಿದ್ದಷ್ಟೇ ಆಗಿದೆ. ಅವರು ಒಂದೇ ವಿಷಯದಲ್ಲಿ 10 ನಿಮಿಷವೂ ನಿಲ್ಲುವುದಿಲ್ಲ. ಇದರಿಂದ ನಾನು ಕಲಿಯುವುದೇನು? ಸಭೆಯಲ್ಲಿ ನಾನೂ ಮಾತನಾಡಬಹುದೇ?

ಉತ್ತರ: ನಿಮಗೆ ಬೇಸರ ತಂದಿರುವ ಆ 10 ನಿಮಿಷದ ಸಂಗತಿಯೇ ನಿಮ್ಮ ಮೊದಲ ಪಾಠ. ಕೆನಡಾದ ನಿರ್ವಹಣಾ ತಜ್ಞರಾದ ಹೆನ್ರಿ ಮಿಂಟ್ಸ್‌ಬರ್ಗ್ ಅವರು 5 ಮಂದಿ ಮುಖ್ಯ ಕಾರ್ಯನಿರ್ವಾಹಕರನ್ನು ತಲಾ ಒಂದು ವಾರ ಹತ್ತಿರದಿಂದ ಗಮನಿಸಿ, 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಚಟುವಟಿಕೆಗಳಲ್ಲಿ ಅರ್ಧದಷ್ಟು 9 ನಿಮಿಷದೊಳಗೆ ಮುಗಿಯುತ್ತಿದ್ದವೆಂದೂ ಒಂದು ಗಂಟೆ ಮೀರಿದವು ಶೇಕಡಾ 10ರಷ್ಟು ಮಾತ್ರವೆಂದೂ ದಾಖಲಿಸಿದರು. ಮೇಲಿನ ಹುದ್ದೆಯೆಂದರೆ ನಿಧಾನವಾಗಿ ಕುಳಿತು ಯೋಜನೆ ಹಾಕುವುದು ಎಂದು ನಾವು ದೂರದಿಂದ ಕಲ್ಪಿಸಿಕೊಂಡಿರುತ್ತೇವೆ. ಹತ್ತಿರ ಹೋದಾಗ ಕಾಣುವುದು ಹೀಗೆ ತುಂಡು ತುಂಡಾದ ದಿನ.

ಆದರೆ ಸುಮ್ಮನೆ ನೋಡುತ್ತಾ ಕುಳಿತರೆ ನಿಮಗೆ ಸಿಗುವುದು ತೀರ್ಮಾನ ಮಾತ್ರ, ಅದರ ಹಿಂದಿನ ಯೋಚನೆಯಲ್ಲ. ಅನುಭವಸ್ಥರು ಎಷ್ಟೋ ಸೂಕ್ಷ್ಮಗಳನ್ನು ತಮಗೇ ಅರಿವಿಲ್ಲದಂತೆ ತೂಗಿ ನೋಡಿರುತ್ತಾರೆ. ಕೇಳದೆ ಅವರಾಗಿ ಹೇಳುವುದಿಲ್ಲ. ಆದ್ದರಿಂದ ಒಂದು ಕೆಲಸ ಮಾಡಿ. ಚರ್ಚೆ ನಡೆಯುತ್ತಿರುವಾಗ, ಅವರು ತಮ್ಮ ನಿರ್ಧಾರವನ್ನು ಹೇಳುವ ಮೊದಲೇ, ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ, ಏಕೆ ಎಂಬುದನ್ನು ನಿಮ್ಮ ಪುಸ್ತಕದಲ್ಲಿ 2 ಸಾಲು ಬರೆದಿಡಿ. ಅವರು ಬೇರೆ ದಾರಿ ಹಿಡಿದರೆ, ಆ ವ್ಯತ್ಯಾಸವಿರುವಲ್ಲಿಯೇ ನೀವು ಕಲಿಯಬೇಕಾದದ್ದು ಇದೆ. ಪ್ರತಿದಿನದ ಕೊನೆಯಲ್ಲಿ 15 ನಿಮಿಷ ಕೊಡುವಂತೆ ಅವರನ್ನು ಕೇಳಿಕೊಳ್ಳಿ. ಆಗ, "ನೀವು ಹೀಗೇಕೆ ಮಾಡಿದಿರಿ?" ಎಂದು ಕೇಳಬೇಡಿ, ಅದು ಸಮಜಾಯಿಷಿ ಕೇಳಿದಂತಾಗುತ್ತದೆ, "ಯಾವ ದಾರಿಗಳನ್ನು ಯೋಚಿಸಿ ಕೈಬಿಟ್ಟಿರಿ?" ಎಂದು ಕೇಳಿ.

ಹಿಂದೊಮ್ಮೆ ನಾನೂ ಒಬ್ಬ ಹಿರಿಯ ಅಧಿಕಾರಿಯ ಜೊತೆ ಹೀಗೆ ಕೆಲವು ದಿನ ಇದ್ದೆ. ಒಂದು ಸಭೆಯ ಬಾಗಿಲ ಬಳಿ ಅವರು ನಿಂತು, ಕೈಯಲ್ಲಿದ್ದ ಕಾರ್ಯಸೂಚಿಯನ್ನು ಓದಿ, ಅದರ 3ನೆಯ ಅಂಶವನ್ನು ಪೆನ್ನಿನಿಂದ ಹೊಡೆದು ಹಾಕಿ ಒಳಗೆ ಹೋದರು. ಸಭೆಯಲ್ಲಿ ಆ ವಿಷಯ ಬರಲೇ ಇಲ್ಲ. ಸಂಜೆ ಕೇಳಿದಾಗ, ಅದರಲ್ಲಿ ತಪ್ಪು ಮಾಡಿದ್ದ ವ್ಯಕ್ತಿಯ ಕೈಕೆಳಗಿನವರೂ ಅಲ್ಲಿ ಕುಳಿತಿದ್ದರು, ಅವರ ಮುಂದೆ ಕೇಳುವ ಮಾತಲ್ಲ ಅದು ಎಂದರು. ಮರುದಿನ ಆ ವ್ಯಕ್ತಿಯನ್ನು ಒಬ್ಬರನ್ನೇ ಕರೆದು ಮಾತನಾಡಿದರು. ಸಭೆಯ ನಡಾವಳಿಯಲ್ಲಿ ಇದು ಎಲ್ಲಿಯೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಆ ದಿನಗಳಲ್ಲಿ ಕಲಿತ ಎಲ್ಲಕ್ಕಿಂತ ದೊಡ್ಡದು ಆ ಒಂದು ಗೀಟು. ಸಭೆಯ ಒಳಗಿನಷ್ಟೇ ಗಮನವನ್ನು ಸಭೆಗಳ ನಡುವಿನ ಹೊತ್ತಿಗೂ ಕೊಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಸಭೆಯಲ್ಲಿ ಅವರಾಗಿ ಕೇಳದ ಹೊರತು ಮಾತನಾಡಬೇಡಿ. ನೀವು ಬಾಯಿ ತೆರೆದರೆ ಉಳಿದವರ ಮಾತಿನ ಹದ ಬದಲಾಗುತ್ತದೆ, ಆಮೇಲೆ ನೀವು ನೋಡುವುದು ಅವರ ಎಂದಿನ ಸಭೆಯಾಗಿರುವುದಿಲ್ಲ. ಸಂಬಳ, ಶಿಸ್ತುಕ್ರಮದಂತಹ ವಿಷಯಗಳು ಬಂದಾಗ ಹೊರಗಿರಬೇಕೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಒಳಗೆ ಕೇಳಿದ್ದನ್ನು ನಿಮ್ಮ ತಂಡದವರಿಗೂ ಹೇಳಬೇಡಿ.

ಅವರು ಮಾಡಿದ್ದೆಲ್ಲವೂ ಸರಿಯೆಂದು ಒಪ್ಪಲೇಬೇಕಾಗಿಲ್ಲ. ಒಪ್ಪಿಗೆಯಾಗದ್ದನ್ನೂ ಕಾರಣದೊಡನೆ ಬರೆದಿಟ್ಟುಕೊಳ್ಳಿ, ಮುಂದೆ ನಿಮ್ಮ 8 ಜನರೊಡನೆ ಅಂಥದ್ದೇ ಸಂದರ್ಭ ಬಂದಾಗ ತೆಗೆದು ನೋಡಬಹುದು. ಆ 15 ನಿಮಿಷವನ್ನು ನಾಳೆಯೇ ಕೇಳಿಬಿಡಿ. ನಿಮಗೆ ಉಳಿದಿರುವುದು 7 ಕೆಲಸದ ದಿನಗಳು.